ನೈರೋಬಿಯಲ್ಲಿ ಎರಡು ದಿನ, ಮಂಚ ಒಂದೇ

ಕೊಟ್ಟೂರು
೬ ಅಕ್ಟೋಬರ್ ೨೦೨೪

ಪ್ರಿಯ ತಿಪ್ಪೇಶ,

ಇಲ್ಲಿ ನಾವೆಲ್ಲ ಕ್ಷೇಮ. ನನ್ನ ಹೊಟ್ಟೆಯೊಂದು ಮಾತ್ರ ಉರಿಯುತ್ತಿದೆ. ಅದರ ವಿವರ ಕೆಳಗೆ ಬರುತ್ತದೆ.

ಮೊದಲು ಸಿಹಿ ಸುದ್ದಿ. ಮುಂಗಾರಿನ ಟಾರ್ಗೆಟ್ ಮುಟ್ಟಿಸಿದ ಡೀಲರುಗಳನ್ನು ಬೀಜದ ಕಂಪನಿಯವರು ಪ್ರತಿ ಸಲ ಬ್ಯಾಂಕಾಕಿಗೆ ಒಯ್ಯುತ್ತಿದ್ದರು. ಈ ಸಲ ನಿಮ್ಮ ಕೀನ್ಯಾಕ್ಕೆ ಒಯ್ಯುತ್ತಿದ್ದಾರೆ. ಜನವರಿ ಇಪ್ಪತ್ತರಿಂದ ಐದು ದಿನ ಸಫಾರಿ, ಡೇರೆಯಲ್ಲಿ ವಾಸ. ಮೆಕ್ಕೆಜೋಳದ ಬೀಜ ಮಾರಿದವನಿಗೆ ಸಿಂಹ ತೋರಿಸುವುದು ಯಾವ ಲೆಕ್ಕದಲ್ಲಿ ಬಹುಮಾನವಾಗುತ್ತದೋ ತಿಳಿಯದು. ಆದರೂ ಕೊಟ್ಟಿದ್ದನ್ನು ಬೇಡ ಎನ್ನುವ ಕೆಟ್ಟ ಚಾಳಿ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ.

ಕಂಪನಿಯ ಕಾಗದದ ಕೊನೆಯಲ್ಲಿ ಒಂದು ಸಾಲಿತ್ತು. ಬೇಕಾದವರು ಸಫಾರಿಗೆ ಮುಂಚೆಯಾಗಲಿ ನಂತರವಾಗಲಿ ಎರಡು ದಿನ ನೈರೋಬಿಯಲ್ಲಿ ಸ್ವಂತ ಏರ್ಪಾಟಿನ ಮೇಲೆ ಉಳಿಯಬಹುದು. ಅದನ್ನು ಓದಿದ ಕೂಡಲೇ ಸಿಂಹ ನನ್ನ ತಲೆಯಿಂದ ಇಳಿದುಹೋಯಿತು. ಸ್ವಂತ ಏರ್ಪಾಟು ಎಂದರೆ ನೀನಲ್ಲದೆ ಮತ್ಯಾರು? ನೀನು ಊರಿಗೆ ಬಂದು ಮೂರು ವರ್ಷವಾಯಿತು. ಬಂದಾಗಲೂ ಹಡಗಲಿಯಲ್ಲಿ ಹೆಂಡತಿ ಮಗಳ ಹತ್ತಿರ ಕೂತು, ಕೊಟ್ಟೂರಿಗೆ ಒಂದು ಚಹಾದಷ್ಟು ಹೊತ್ತು ಬಂದು ಹೋದೆ. ಈ ಎರಡು ದಿನ ನನ್ನವು. ನೀನು, ನಾನು. ಮೂರನೆಯವರಿಲ್ಲ.

ಈಗ ಉರಿಯ ವಿಚಾರ. ಪಾಲಾಕ್ಷನೂ ಬರುತ್ತಿದ್ದಾನೆ. ಕೊನೆಯ ವಾರ ಕೂಡ್ಲಿಗಿಯಲ್ಲಿ ಅವನ ಷಡ್ಡಕನ ಗೋದಾಮಿಗೆ ರಾತ್ರೋರಾತ್ರಿ ಮಾಲು ಇಳಿಸಿ ಟಾರ್ಗೆಟ್ ಮುಟ್ಟಿಸಿದ. ಹೈಸ್ಕೂಲಿನಲ್ಲಿ ನಾವು ಮೂವರೂ ಒಂದೇ ಬೆಂಚಿನಲ್ಲಿದ್ದಾಗ ಮಾಸ್ತರರು ನಿನ್ನನ್ನು ಯಾಕೆ ನಡುವೆ ಕೂರಿಸುತ್ತಿದ್ದರೆಂದು ನಿನಗೆ ನೆನಪಿರಬೇಕು. ಈಗ ನಮ್ಮ ಅಂಗಡಿಗಳ ನಡುವೆ ನಿನ್ನ ಬದಲಿಗೆ ಒಂದು ಗೋಡೆ ಇದೆ. ಅದನ್ನು ಕಟ್ಟಿದ ಪುಣ್ಯಾತ್ಮ ಇಟ್ಟಿಗೆಯಲ್ಲಿ ಎಷ್ಟು ಕೈಬಿಗಿ ಮಾಡಿದನೆಂದರೆ, ನಾನು ಫೋನಿನಲ್ಲಿ "ಹಲೋ" ಅಂದರೆ ಆ ಕಡೆಯಿಂದ "ಯಾರ್ಲೇ ಅದು?" ಅಂತ ಕೇಳುತ್ತದೆ. ವಾಟ್ಸಾಪಿನಲ್ಲಿ ಕಳಿಸಿದರೆ ನೀಲಗಂಗಾ ಓದುತ್ತಾಳೆ. ನನ್ನ ಹೆಂಡತಿ ಓದಿದ್ದು ಪಾಲಾಕ್ಷನ ಮನೆ ಮುಟ್ಟುವುದಕ್ಕೆ ಒಂದು ಬಟ್ಟಲು ಸಕ್ಕರೆಯ ನೆಪ ಸಾಕು. ಅದಕ್ಕೇ ಈ ಕಾಗದ, ಈ ಅಂಚೆ.

ಎರಡು ದಿನ ಸಫಾರಿಗೆ ಮುಂಚೆಯೇ ಇರಲಿ. ಸಿಂಹ ತಿಂದುಬಿಟ್ಟರೆ ನಂತರದ ಏರ್ಪಾಟು ದಂಡ. ಪಾಲಾಕ್ಷನಿಗೆ ಮಾತ್ರ ಒಂದು ಅಕ್ಷರ ತಿಳಿಯಬಾರದು. ನಿನ್ನ ಮನೆಯಲ್ಲಿ ಮಂಚ ಎಷ್ಟಿವೆ, ಬರೆ.

ನಿನ್ನ
ಗುರುಶಾಂತ


ನೈರೋಬಿ
೨೬ ಅಕ್ಟೋಬರ್ ೨೦೨೪

ಪ್ರಿಯ ಗುರುಶಾಂತ,

ಇಲ್ಲಿ ಅಂಚೆಯವರು ಮನೆಗೆ ಬರುವುದಿಲ್ಲ. ಪೋಸ್ಟಾಫೀಸಿನಲ್ಲಿ ನಮ್ಮ ನಮ್ಮ ಪೆಟ್ಟಿಗೆಗೆ ಬೀಗದ ಕೈ ಇಟ್ಟುಕೊಂಡು ನಾವೇ ಹೋಗಿ ನೋಡಬೇಕು. ಈ ಏಳು ವರ್ಷದಲ್ಲಿ ನನ್ನ ಪೆಟ್ಟಿಗೆಗೆ ಬಂದದ್ದೆಲ್ಲ ಕರೆಂಟಿನ ಬಿಲ್ಲು, ಇನ್ಶೂರೆನ್ಸಿನವರ ಪ್ರೀತಿ. ಕನ್ನಡದ ಕೈಬರಹ ನೋಡಿ ಅಲ್ಲೇ ನಿಂತು ಓದಿದೆ.

ಸಿಂಹದ ಬಗ್ಗೆ ಹೆದರಬೇಡ. ಗಾಡಿಯಿಂದ ಕೆಳಗಿಳಿಯದಿದ್ದರೆ ಅದು ನಮ್ಮನ್ನು ಗಾಡಿಯ ಒಂದು ಭಾಗವೆಂದೇ ತಿಳಿಯುತ್ತದೆ. ನೀನಂತೂ ಕೂತ ಜಾಗ ಬಿಟ್ಟು ಏಳುವವನಲ್ಲ.

ಎರಡು ದಿನದ ನನ್ನ ಆಲೋಚನೆ ಹೀಗಿದೆ. ಮೊದಲ ದಿನ ಬಂದು ಮಲಗು. ಮಧ್ಯಾಹ್ನ ಜಿರಾಫೆಗಳ ಹತ್ತಿರ ಹೋಗೋಣ. ಅಂಗೈಯಲ್ಲಿ ತಿಂಡಿ ಹಿಡಿದರೆ ಅವು ಬಂದು ನೆಕ್ಕಿ ತಿನ್ನುತ್ತವೆ. ನಾಲಿಗೆ ಮೊಳದುದ್ದ, ಬಣ್ಣ ನೇರಳೆಹಣ್ಣಿನದು. ಮರುದಿನ ಊರಿಗೆ ಹತ್ತಿದ ಹಾಗೆಯೇ ಇರುವ ಕಾಡು. ಝೀಬ್ರಾ ಮೇಯುತ್ತಿರುತ್ತದೆ, ಅದರ ಬೆನ್ನ ಹಿಂದೆ ಇಪ್ಪತ್ತು ಮಹಡಿಯ ಕಟ್ಟಡ ನಿಂತಿರುತ್ತದೆ. ಒಂದೇ ಫೋಟೊದಲ್ಲಿ ಎರಡೂ ಸಿಗುತ್ತವೆ. ಊಟಕ್ಕೆ ಉಗಾಲಿ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ನೀನು ಮಾರಿದ ಬೀಜ ಕೊನೆಗೆ ಏನಾಗುತ್ತದೆಂದು ಇಲ್ಲಿ ಉಂಡು ನೋಡು.

ಆಫ್ರಿಕ ಎಂದರೆ ಬಿಸಿಲು ಅಂದುಕೊಂಡು ಬರಬೇಡ. ನೈರೋಬಿ ಎತ್ತರದಲ್ಲಿದೆ, ಬೆಳಗ್ಗೆ ಕೊಟ್ಟೂರಿನವರಿಗೆ ಚಳಿಯೇ. ಒಂದು ಸ್ವೆಟರ್ ತಾ.

ಮನೆ ಮೂರನೇ ಮಹಡಿ. ಒಂದು ಹಾಲ್, ಒಂದು ಕೋಣೆ. ಮಂಚ ಒಂದೇ, ದೊಡ್ಡದಿದೆ. ಮುಂಚೆಯೋ ನಂತರವೋ ಎಂಬುದನ್ನು ನಾನು ರಜೆ ನೋಡಿಕೊಂಡು ಹೇಳಬೇಕು. ನನ್ನ ಕೆಲಸ ನಿನಗೆ ಗೊತ್ತಲ್ಲ, ಏರ್‌ಪೋರ್ಟಿನ ತಣ್ಣನೆ ಗೋದಾಮಿನಲ್ಲಿ ಗುಲಾಬಿ ಪ್ಯಾಕ್ ಮಾಡಿಸುವುದು. ಹಡಗಲಿಯಲ್ಲಿ ಮಲ್ಲಿಗೆ ಮೊಗ್ಗು ಬಿಡಿಸಿ ಬೆಳೆದವನಿಗೆ ಗುಲಾಬಿ ಸವತಿಯಿದ್ದ ಹಾಗೆ. ಫೆಬ್ರವರಿಯ ಪ್ರೇಮಿಗಳ ದಿನಕ್ಕೆ ಜನವರಿ ಇಪ್ಪತ್ತೈದರಿಂದಲೇ ನಮ್ಮಲ್ಲಿ ಊಟಕ್ಕೂ ಬಿಡುವಿಲ್ಲ. ಯುರೋಪಿನವರು ಪ್ರೀತಿಸಿದ್ದಕ್ಕೆ ಬೆನ್ನುನೋವು ನನಗೆ.

ಇನ್ನೊಂದು ಮಾತು. ನಿನ್ನ ಪತ್ರದಲ್ಲಿ ನನ್ನ ಹೆಸರು ಮೇಲೆ ಒಂದು ಸಲ ಬಂದಿದೆ. ಉಳಿದದ್ದೆಲ್ಲ ಪಾಲಾಕ್ಷ.

ನಿನ್ನ
ತಿಪ್ಪೇಶ


ಕೊಟ್ಟೂರು
೧೩ ನವೆಂಬರ್ ೨೦೨೪

ತಿಪ್ಪೇಶ,

ಒಂದೇ ಪ್ರಶ್ನೆ. ಇವತ್ತು ಪಾಲಾಕ್ಷ ಅಂಗಡಿಗೆ ಹೊಸ ಸ್ವೆಟರ್ ಹಾಕಿಕೊಂಡು ಬಂದಿದ್ದಾನೆ. ಕಂದು ಬಣ್ಣ, ಎದೆಯ ಮೇಲೆ ಡೈಮಂಡು. ಕೊಟ್ಟೂರಿನಲ್ಲಿ ಮಧ್ಯಾಹ್ನ ಹೊತ್ತು ತಗಡಿನ ಕೆಳಗೆ ಕೂತು ಬೆವರುತ್ತ ಅದನ್ನು ಬಿಚ್ಚದೆ ಕೂತಿದ್ದಾನೆ. ನಾನು ಕೇಳಿದೆ, "ಏನ್ಲೇ ಪಾಲಾಕ್ಷ, ಜ್ವರ ಬಂದೈತೇನು?" ಅವನು ನಕ್ಕು, "ಆಫ್ರಿಕಾ ಅಂದ್ರ ಬಿಸಲು ಅನ್ಕೊಂಡಿಯೇನೋ ಹುಚ್ಚಾ, ನೈರೋಬಿ ಎತ್ತರದಾಗ ಐತಿ" ಅಂದ.

ಎತ್ತರದಾಗ ಐತಿ ಅಂತ ಅವನಿಗೆ ಯಾರು ಹೇಳಿದರು?

ಗುರುಶಾಂತ


ಕೊಟ್ಟೂರು
೨೧ ನವೆಂಬರ್ ೨೦೨೪

ತಿಪ್ಪೇಶ,

ನಿನ್ನ ಉತ್ತರಕ್ಕೆ ಕಾಯುವ ತಾಳ್ಮೆ ನನಗಿಲ್ಲ. ಕಾಯುವ ಅಗತ್ಯವೂ ಉಳಿದಿಲ್ಲ. ಮೊನ್ನೆ ಸ್ವೆಟರಿನ ಕಾಗದ ಹಾಕಲು ಹೋದಾಗ ಪೋಸ್ಟಾಫೀಸಿನ ವೀರಭದ್ರಯ್ಯ ತೂಕ ಮಾಡುತ್ತ ಅಂದರು: "ಅಲ್ರೀ ಗುರುಶಾಂತಪ್ಪ, ನಿಮ್ಮದೂ ಕೀನ್ಯಾಕ್ಕ, ಪಾಲಾಕ್ಷಪ್ಪಂದೂ ಕೀನ್ಯಾಕ್ಕ, ಇಬ್ಬರದೂ ಅದ ಪೆಟ್ಟಿಗಿ ನಂಬರು. ಕೂಡೇ ಒಂದ ಲಕೋಟಿಗೆ ಹಾಕಬಾರದೇನ್ರಿ, ಸ್ಟಾಂಪರ ಉಳೀತೈತಿ."

ನಾನು ಮುಖದ ಮೇಲೆ ಏನೂ ತೋರಿಸದೆ ಹೊರಗೆ ಬಂದು ಎರಡು ಚಹಾ ಕುಡಿದೆ.

ಆಮೇಲೆ ನಾನೂ ಪಾಲಾಕ್ಷನೂ ಬೆಂಗಳೂರಿಗೆ ಹೋಗಿ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು ಬಂದೆವು. ಅದಿಲ್ಲದೆ ಆಫ್ರಿಕಕ್ಕೆ ಬಿಡುವುದಿಲ್ಲವಂತೆ. ನಾವು ಬಸ್ಸಿನ ಟಿಕೆಟ್ ಬೇರೆ ಬೇರೆಯಾಗಿ ತೆಗೆಸಿದೆವು, ಸೀಟು ಪಕ್ಕಪಕ್ಕವೇ ಬಂತು. ಹಿರಿಯೂರು ದಾಟುವ ತನಕ ಇಬ್ಬರೂ ಕಿಟಕಿಯ ಕಡೆಗೇ ನೋಡಿದೆವು, ಕಿಟಕಿ ಅವನ ಕಡೆಗಿತ್ತು. ಚುಚ್ಚಿದ ಮೇಲೆ ಅವನ ತೋಳು ಇಷ್ಟು ದಪ್ಪ ಬಾತುಕೊಂಡಿತು. ನನ್ನದು ಬಾತುಕೊಳ್ಳಲಿಲ್ಲ. ಈಗ ನಮ್ಮ ಬೀದಿಯಲ್ಲಿ ಆಫ್ರಿಕಕ್ಕೆ ಹೋಗುವವನು ಅವನೊಬ್ಬನೇ ಎಂಬಂತಾಗಿದೆ. ನೀಲಗಂಗಾ ಕೂಡ, "ಪಾಲಾಕ್ಷಣ್ಣಾರ ತೋಳು ಹೆಂಗೈತ್ರಿ?" ಅಂತ ಕೇಳಿ ಗಂಜಿ ಕಳಿಸಿದಳು. ನನ್ನ ತೋಳನ್ನು ಕೇಳಿದವರಿಲ್ಲ.

ಅದಿರಲಿ. ನಾನು ಸಿಂಹಕ್ಕೆ ಹೆದರುತ್ತೇನೆಂದು ನಿನಗೆ ಯಾರು ಹೇಳಿದರು? ಅವನೇ ತಾನೆ? ಅವನಿಗೆ ನೀನು ಏನೇನು ಬರೆದಿದ್ದೀಯ? ಜಿರಾಫೆಯನ್ನೂ ಬರೆದಿದ್ದೀಯಾ? ನೇರಳೆಹಣ್ಣನ್ನೂ?

ನಾನೋ, ಅವನೋ. ಇಷ್ಟೇ ಬರೆ. ಕಾಡಿನ ವರ್ಣನೆ ಬೇಡ.

ಗುರುಶಾಂತ


ನೈರೋಬಿ
೮ ಡಿಸೆಂಬರ್ ೨೦೨೪

ಪ್ರಿಯ ಗುರುಶಾಂತ,

ನಿನ್ನ ಎರಡೂ ಪತ್ರ ಒಂದೇ ದಿನ ಸಿಕ್ಕವು. ಪೆಟ್ಟಿಗೆಯಲ್ಲಿ ಅವುಗಳ ಪಕ್ಕದಲ್ಲೇ ಪಾಲಾಕ್ಷನದೂ ಒಂದು ಇತ್ತು, ನಿಮ್ಮ ಅಂಗಡಿಗಳ ಹಾಗೆ ಒಂದಕ್ಕೊಂದು ಅಂಟಿಕೊಂಡು.

ಮುಚ್ಚಿಟ್ಟಿದ್ದು ನನ್ನದೇ ತಪ್ಪು. ನಿನ್ನ ಮೊದಲ ಪತ್ರ ಬರುವುದಕ್ಕೆ ನಾಲ್ಕು ದಿನ ಮುಂಚೆ ಅವನದು ಬಂದಿತ್ತು. ಅವನೂ ಸಫಾರಿಗೆ ಮುಂಚಿನ ಎರಡು ದಿನವನ್ನೇ ಕೇಳಿದ್ದ. ಗುರುಶಾಂತನಿಗೆ ಒಂದು ಅಕ್ಷರ ತಿಳಿಯಬಾರದು ಎಂದು ಅವನೂ ಬರೆದಿದ್ದ. ಮಂಚ ಎಷ್ಟಿವೆ ಎಂದೂ ಕೇಳಿದ್ದ. ಒಂದೇ ಬೆಂಚಿನ ವಿದ್ಯೆ.

ಹೌದು, ಜಿರಾಫೆಯನ್ನು ಬರೆದೆ. ನೇರಳೆಹಣ್ಣನ್ನು ನಿನಗೊಬ್ಬನಿಗೇ ಬರೆದದ್ದು.

ನಾನೋ ಅವನೋ ಎಂದರೆ ನಾನು ಏನು ಹೇಳಲಿ? ಮೊದಲು ಕೇಳಿದವನು ಅವನು. ಹದಿನೆಂಟು, ಹತ್ತೊಂಬತ್ತು ಅವನಿಗೆ. ಇಪ್ಪತ್ತೈದು, ಇಪ್ಪತ್ತಾರು ನಿನಗೆ. ಆಗ ನನಗೆ ರಜೆ ಇರುವುದಿಲ್ಲ, ಆದರೂ ಬೆಳಗ್ಗೆ ಒಂದಿಷ್ಟು ಹೊತ್ತು, ರಾತ್ರಿ ಊಟಕ್ಕೆ ಜೊತೆಗಿರುತ್ತೇನೆ. ಹಗಲು ಹೊತ್ತು ಟ್ಯಾಕ್ಸಿಯವನಿಗೆ ಹೇಳಿರುತ್ತೇನೆ, ಅವನು ತೋರಿಸುತ್ತಾನೆ. ಬೇಜಾರಾಗಬೇಡ.

ನಮ್ಮ ಮನೆಯಾಕೆ ಯಶೋಧರಾ ಏನೋ ಕಳಿಸುತ್ತೇನೆ ಅಂದಿದ್ದಾಳೆ. ಸಾಧ್ಯವಾದರೆ ಒಮ್ಮೆ ಹಡಗಲಿಗೆ ಹೋಗಿ ಇಸಿದುಕೊಂಡು ಬಾ.

ನಿನ್ನ
ತಿಪ್ಪೇಶ


ಕೊಟ್ಟೂರು
೨೪ ಡಿಸೆಂಬರ್ ೨೦೨೪

ಶ್ರೀಯುತ ತಿಪ್ಪೇಶ ಅವರಿಗೆ, ಗುರುಶಾಂತನ ನಮಸ್ಕಾರಗಳು.

ತಾವು ಬರೆದ ಪತ್ರ ತಲುಪಿತು. ತಮ್ಮ ತೀರ್ಮಾನ ಅತ್ಯಂತ ನ್ಯಾಯಸಮ್ಮತವಾಗಿದೆ. ಮೊದಲು ಬಂದವರಿಗೆ ಮೊದಲ ಸೀಟು ಎಂಬುದು ನಮ್ಮ ಬಸ್‌ಸ್ಟ್ಯಾಂಡಿನಲ್ಲೂ ಕರವಸ್ತ್ರ ಹಾಕಿ ಪಾಲಿಸಿಕೊಂಡು ಬಂದಿರುವ ನಿಯಮ. ನಾನು ಕರವಸ್ತ್ರ ಹಾಕುವುದು ತಡವಾಯಿತು.

ಟ್ಯಾಕ್ಸಿಯವರು ತೋರಿಸುವ ಜಿರಾಫೆ ನನಗೆ ಬೇಡ. ಇಪ್ಪತ್ತೈದಕ್ಕೆ ಕಂಪನಿಯವರ ಜೊತೆಯಲ್ಲೇ ಸೀದಾ ಊರಿಗೆ ಮರಳುತ್ತೇನೆ. ಗುಲಾಬಿಗಳ ನಡುವೆ ತಮಗೆ ತೊಂದರೆ ಕೊಡುವ ಇಚ್ಛೆ ಇಲ್ಲ.

ಹಡಗಲಿಗೆ ಹೋಗಿದ್ದೆ. ನಿಮ್ಮ ಮನೆಯವರು ಬಹಳ ಶಾಣ್ಯಾರು. ಪಾಲಾಕ್ಷಪ್ಪನವರು ಹಿಂದಿನ ದಿನವೇ ಬಂದು ಹೋಗಿದ್ದರಂತೆ. ಅವರ ಕೈಗೆ ಸಜ್ಜೆ ರೊಟ್ಟಿಯ ಕಟ್ಟು ಕೊಟ್ಟಿದ್ದಾರೆ, ನನ್ನ ಕೈಗೆ ಶೇಂಗಾ ಚಟ್ನಿಪುಡಿ ಮತ್ತು ಗುರೆಳ್ಳುಪುಡಿ. "ಎರಡೂ ಒಬ್ಬರ ಕೈಯಾಗ ಕೊಟ್ರ ಇನ್ನೊಬ್ಬರಿಗೆ ಬ್ಯಾಸರ ಆಗತೈತ್ರಿ ಅಣ್ಣಾ" ಅಂದರು. ಹೀಗಾಗಿ ಹದಿನೆಂಟಕ್ಕೆ ತಾವು ಬರೀ ರೊಟ್ಟಿ ತಿನ್ನುವಿರಿ. ಚಟ್ನಿಪುಡಿಯನ್ನು ಕಂಪನಿಯ ಯಾರ ಕೈಯಲ್ಲಾದರೂ ಕಳಿಸಿಕೊಡುತ್ತೇನೆ.

ಕಂಪನಿಯವರು ಡೇರೆ ಹಂಚಿದ್ದಾರೆ, ಒಂದಕ್ಕೆ ಇಬ್ಬರು, ಊರವರು ಊರವರ ಜೊತೆ. ಅಂದರೆ ಐದು ರಾತ್ರಿ ನಾನು ಅವನ ಜೊತೆಗೆ. ತಮ್ಮ ಜಿರಾಫೆಯ ವರ್ಣನೆಯನ್ನು ನಾನು ಅಲ್ಲಿ ಮಲಗಿಕೊಂಡೇ ಕೇಳುವ ಭಾಗ್ಯ.

ಇತಿ,
ಗುರುಶಾಂತ

ತಾ.ಕ.: ಪಾಲಾಕ್ಷನಿಗೆ ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಯಿತು. ನಿಮಗೆ ಹೇಳಿರುವುದಿಲ್ಲ, ಅವನು ಯಾರಿಗೂ ಹೇಳುವುದಿಲ್ಲ. ಊಟಕ್ಕೆ ಮುಂಚಿನ ಗುಳಿಗೆ ಮರೆಯುತ್ತಾನೆ. ದಿನಾ ಮಧ್ಯಾಹ್ನ ನಾನು ಗೋಡೆ ಬಡಿಯುತ್ತೇನೆ, ಆಗ ನುಂಗುತ್ತಾನೆ. ಅಲ್ಲಿ ಬಡಿಯಲು ಗೋಡೆ ಇಲ್ಲದಿದ್ದರೆ ಬಾಯಲ್ಲಿ ಹೇಳಿರಿ. ಹೊತ್ತಿಗೆ ಸರಿಯಾಗಿ ಉಣ್ಣಿಸಿರಿ, ತಡವಾದರೆ ಕೈ ನಡುಗುತ್ತದೆ, ಆಗ ನಗಿಸಲು ನೋಡುತ್ತಾನೆ, ನಂಬಬೇಡಿರಿ. ಅಂಗಾತ ಮಲಗಿದರೆ ಗೊರಕೆ. ಎಡ ಮಗ್ಗುಲಿಗೆ ಹೊರಳಿಸಿದರೆ ನಿಲ್ಲುತ್ತದೆ.

ನಾನು ಬರೆದೆನೆಂದು ಹೇಳಕೂಡದು.


ನೈರೋಬಿ
೧೧ ಜನವರಿ ೨೦೨೫

ಪಾಲಾಕ್ಷ, ಗುರುಶಾಂತ, ಇಬ್ಬರಿಗೂ,

ಇದನ್ನು ಅಂಚೆಗೆ ಹಾಕಿದರೆ ನೀವು ಸಿಂಹ ನೋಡಿ ಮರಳಿದ ಮೇಲೆ ಸಿಗುತ್ತದೆ. ಅದಕ್ಕೇ ಬರೆದು ಫೋಟೊ ತೆಗೆದು ಇಬ್ಬರ ಫೋನಿಗೂ ಒಟ್ಟಿಗೆ ಕಳಿಸುತ್ತಿದ್ದೇನೆ. ಮುಚ್ಚಿಡುವ ಆಟ ಸಾಕು.

ಗುರುಶಾಂತ, ನಿನ್ನ ಸಿಟ್ಟಿನ ಪತ್ರದ ಜೊತೆಗೆ ಪಾಲಾಕ್ಷನ ಪತ್ರವೂ ಬಂತು. ಅವನು ಆಣೆ ಹಾಕಿಸಿದ್ದನ್ನು ಮುರಿದು ಅವನ ಮಾತನ್ನೇ ಇಲ್ಲಿ ಬರೆಯುತ್ತೇನೆ: "ಗುರುಶಾಂತಗ ಮೊಣಕಾಲು ನೋವು ಐತಿ, ಸಾಯತನಕ ಹೇಳಂಗಿಲ್ಲ. ನಿನ್ನ ಮನಿ ಮೂರನೇ ಮಾಳಿಗಿ ಅಂತಿ. ಲಿಫ್ಟ್ ಇಲ್ಲಂದ್ರ ಆತನ ಚೀಲ ನೀನ ಹೊತ್ಕೋ, ನಾ ಹೇಳೀನಂತ ಹೇಳಬ್ಯಾಡ. ಎಣ್ಣಿ ಹಚ್ಚಿದರ ನಿದ್ದಿ ಮಾಡತಾನ. ಜಿರಾಫಿ ಮಾತ್ರ ಆತಗ ತೋರಸಬ್ಯಾಡ. ಅದನ್ನ ನಾ ಒಬ್ಬನ ನೋಡಿ ಬಂದು ಆತನ ಮುಂದ ಹೇಳಬೇಕು."

ಪಾಲಾಕ್ಷ, ನಿನ್ನ ಗುಳಿಗೆಯ ವಿಚಾರ, ಕೈ ನಡುಗುವ ವಿಚಾರ, ಎಡ ಮಗ್ಗುಲಿನ ವಿಚಾರ ಎಲ್ಲ ನನಗೆ ತಿಳಿದಿದೆ. ಯಾರು ಬರೆದರೆಂದು ಕೇಳಬೇಡ. ಗೋಡೆಯನ್ನು ಕೇಳು.

ನಾನು ಎರಡೂ ಪತ್ರ ಹಿಡಿದುಕೊಂಡು ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಕೂತೆ. ಇಲ್ಲಿ ನನ್ನ ನೆರೆಯವರು ಬಹಳ ಒಳ್ಳೆಯವರು. ದಿನಾ ನಗುತ್ತಾರೆ, ಏಳು ವರ್ಷದಲ್ಲಿ ಒಂದು ಸಲವೂ ಜಗಳವಾಡಿಲ್ಲ. ನನ್ನ ಮೊಣಕಾಲು ನೋಯುತ್ತದೋ, ನಾನು ಯಾವ ಮಗ್ಗುಲಿಗೆ ಮಲಗಿದರೆ ಗೊರಕೆ ಹೊಡೆಯುತ್ತೇನೋ ಅವರಿಗೇನು ಗೊತ್ತು? ನೀವಿಬ್ಬರೂ ನನ್ನ ಎರಡು ದಿನಕ್ಕಾಗಿ ಕಿತ್ತಾಡುತ್ತಿದ್ದೀರಿ ಎಂದುಕೊಂಡು ಮೂರು ತಿಂಗಳು ಮನಸ್ಸಿನಲ್ಲೇ ಉಬ್ಬಿದ್ದೆ. ಪತ್ರಗಳನ್ನು ಮತ್ತೆ ಓದಿದರೆ ಅವುಗಳಲ್ಲಿ ನಾನೆಲ್ಲಿದ್ದೇನೆ? ಅವನ ಪತ್ರದ ತುಂಬ ನೀನು, ನಿನ್ನ ಪತ್ರದ ತುಂಬ ಅವನು. ನಾನು ಬರೀ ವಿಳಾಸ.

ನನಗೂ ಹೊಟ್ಟಿ ಉರಿತೈತ್ರಲೇ. ನಿಮಗ ಬಡಿಯಾಕ ಒಂದು ಗೋಡಿ ಐತಿ.

ಈಗ ಕೇಳಿರಿ. ಇಬ್ಬರೂ ಹದಿನೆಂಟಕ್ಕೇ ಬರ್ರಿ. ರೊಟ್ಟಿ ಒಂದು ವಾರ ಮುಂಚೆ, ಚಟ್ನಿ ಒಂದು ವಾರ ತಡವಾಗಿ ಬಂದರೆ ನಾನು ತಿನ್ನುವುದಾದರೂ ಹೇಗೆ? ಮಂಚದ ಮೇಲೆ ನೀವಿಬ್ಬರು, ನಾನು ಕೆಳಗೆ ಚಾಪೆಯ ಮೇಲೆ. ನಡುವೆ ಮಾತ್ರ ಮಲಗುವುದಿಲ್ಲ. ಶಾಲೆಯಲ್ಲಿ ತಿಂದ ಗುದ್ದು ಸಾಕು. ಜಿರಾಫೆಯನ್ನು ಇಬ್ಬರಿಗೂ ತೋರಿಸುತ್ತೇನೆ.

ಬರುವುದಿಲ್ಲ ಎಂದು ಒಬ್ಬನು ಹೇಳಿದರೂ ಇಬ್ಬರನ್ನೂ ಏರ್‌ಪೋರ್ಟಿನಿಂದ ಹೊರಗೆ ಬಿಡಿಸುವುದಿಲ್ಲ. ಅಲ್ಲಿ ನನಗೆ ಪರಿಚಯವಿದೆ.

ತಿಪ್ಪೇಶ


ಕೊಟ್ಟೂರು
೬ ಫೆಬ್ರವರಿ ೨೦೨೫

ಪ್ರಿಯ ತಿಪ್ಪೇಶ,

ನಾವು ಕ್ಷೇಮವಾಗಿ ಮುಟ್ಟಿದೆವು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ಪೆಟ್ಟಿಗೆಯಲ್ಲಿ ಬರೀ ಕರೆಂಟಿನ ಬಿಲ್ಲು ಬಿದ್ದಿರುತ್ತದೆ ಅಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ತಕರಾರು. ನಿನ್ನ ಫೋಟೊ ಪತ್ರದಲ್ಲಿ "ಪಾಲಾಕ್ಷ, ಗುರುಶಾಂತ" ಎಂದಿತ್ತು. ಅವನ ಹೆಸರು ಯಾಕೆ ಮೊದಲು? ಅಕ್ಷರಮಾಲೆಯಲ್ಲಿ ಗ ಮುಂಚೆ ಬರುತ್ತದೋ ಪ ಮುಂಚೆ ಬರುತ್ತದೋ ಎಂಬುದನ್ನು ಹಡಗಲಿಯಲ್ಲಿ ಶಾಲೆ ಕಲಿಸುವ ನಿನ್ನ ಹೆಂಡತಿಯನ್ನಾದರೂ ಕೇಳು. ಎರಡನೆಯದು, ಜಿರಾಫೆ ಅವನ ಕೈಯಲ್ಲಿದ್ದದ್ದನ್ನು ಎರಡು ಸಲ ತಿಂದಿತು, ನನ್ನ ಕೈಯಲ್ಲಿದ್ದದ್ದನ್ನು ಒಂದು ಸಲ. ಪ್ರೀತಿಗೆ ಹಾಗೆ ಮಾಡಿತೆಂದು ಅವನು ಇಡೀ ಬಸ್‌ಸ್ಟ್ಯಾಂಡಿಗೆ ಹೇಳಿಕೊಂಡು ತಿರುಗುತ್ತಿದ್ದಾನೆ. ಅವನ ಸ್ವೆಟರಿಗೆ ಹತ್ತಿದ್ದ ಶೇಂಗಾ ಪುಡಿಯ ವಾಸನೆಗೆ ಅದು ಬಂದದ್ದು. ಆ ಪುಡಿ ಹೊತ್ತು ತಂದವನು ನಾನು.

ಆ ಎರಡನೇ ದಿನ ಬೆಳಗ್ಗೆ ಎದ್ದಾಗ ಮಂಚದ ಮೇಲೆ ನಡುವೆ ನೀನಿದ್ದೆ. ಚಾಪೆ ಕೆಳಗೆ ಖಾಲಿ ಬಿದ್ದಿತ್ತು. ಯಾವಾಗ ಬಂದೆ ಎಂದು ನಾನು ಕೇಳಲಿಲ್ಲ, ಪಾಲಾಕ್ಷನೂ ಕೇಳಲಿಲ್ಲ. ನಾವಿಬ್ಬರೂ ಅಂಚಿಗೆ ಜರುಗಿ ಬೀಳುವ ಹಾಗೆ ಮಲಗಿಕೊಂಡು ನೀನು ಏಳುವ ತನಕ ನಿನ್ನ ಗೊರಕೆ ಕೇಳಿದೆವು. ಬಲ ಮಗ್ಗುಲಿಗೆ ಮಲಗಿದರೆ ನೀನು ಗೊರಕೆ ಹೊಡೆಯುತ್ತೀ. ಇದನ್ನು ಇಬ್ಬರೂ ಗೊತ್ತುಮಾಡಿಕೊಂಡಿದ್ದೇವೆ.

ಇಪ್ಪತ್ತಕ್ಕೆ ನಮ್ಮನ್ನು ಕಂಪನಿಯ ಗಾಡಿಗೆ ಹತ್ತಿಸಿ ನೀನು ಗೇಟಿನ ಹತ್ತಿರ ನಿಂತೆ. ಗಾಡಿ ತಿರುಗಿದ ಮೇಲೂ ನಿಂತೇ ಇದ್ದೆ. ಅದನ್ನು ನೋಡಿದ ಮೇಲೆ ನಾವಿಬ್ಬರೂ ಬಹಳ ಹೊತ್ತು ಜಗಳವಾಡಲಿಲ್ಲ. ಚಾಲಕನಿಗೇ ಗಾಬರಿಯಾಗಿ, ಇವರಿಗೆ ಮೈ ಹುಷಾರಿಲ್ಲವೇ ಎಂದು ಕಂಪನಿಯವರನ್ನು ಕೇಳಿದ.

ಸಿಂಹ ಮೂರನೇ ದಿನ ಸಿಕ್ಕಿತು. ಒಂದು ಮರದ ಕೆಳಗೆ, ಊಟ ಮುಗಿಸಿದ ಯಜಮಾನನ ಹಾಗೆ ಬಿದ್ದುಕೊಂಡಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ಫೋನು ಎತ್ತಿದ್ದಾರೆ. ಆಗ ಪಾಲಾಕ್ಷ ಮೆಲ್ಲಗೆ, "ತಿಪ್ಪೇಶ ಇರಬೇಕಾಗಿತ್ತು ನೋಡಲೇ" ಅಂದ. ಆ ಮಾತು ನನ್ನ ಬಾಯಲ್ಲಿತ್ತು, ತಿಪ್ಪೇಶ. ಹೇಳುವವನೇ ಇದ್ದೆ. ಅವನು ಕಿತ್ತುಕೊಂಡ. ಉಳಿದ ಸಿಂಹವನ್ನು ನಾನು ಆ ಸಂಕಟದಲ್ಲೇ ನೋಡಿದೆ.

ಈಗ ಇಲ್ಲಿಯ ವಿಶೇಷ. ನಮ್ಮ ಅಂಗಡಿಗಳ ಎದುರಿನ ಚಹಾದಂಗಡಿಯ ಬೆಂಚು ನಿನಗೆ ಗೊತ್ತು. ಬಂದಾಗಿನಿಂದ ಅದರ ಆ ತುದಿಗೆ ಅವನು, ಈ ತುದಿಗೆ ನಾನು ಕೂರುತ್ತೇವೆ. ಹೀಗೆ ಕೂರೋಣ ಎಂದು ಇಬ್ಬರೂ ಮಾತಾಡಿಕೊಂಡದ್ದಿಲ್ಲ. ಮೊನ್ನೆ ಕೋಗಳಿಯಿಂದ ಬೀಜಕ್ಕೆ ಬಂದ ಹುಲುಗಣ್ಣ ನಮ್ಮ ನಡುವೆ ಖಾಲಿ ಇದ್ದ ಜಾಗದಲ್ಲಿ ಆರಾಮಾಗಿ ಕೂತುಬಿಟ್ಟ. ಕೂತದ್ದೇ ತಡ, ಎರಡೂ ಕಡೆಯಿಂದ ಒಂದೇ ಕೂಗು: "ಏಯ್ ಎದ್ದೇಳಪ್ಪೋ, ಅದು ತಿಪ್ಪೇಶನ ಜಾಗ!"

ಪಾಪ, ಹುಲುಗಣ್ಣ ಚಹಾ ಚೆಲ್ಲಿಕೊಂಡು ಎದ್ದು ನಿಂತು, "ಎಲ್ಲಿ ಅದಾನ್ರಿ ಅವ?" ಅಂತ ಬೀದಿಯ ಎರಡೂ ಕಡೆ ನೋಡಿದ.

ಜಾಗ ಹಾಗೇ ಇದೆ. ಗುಲಾಬಿಯ ಕಾಟ ಮುಗಿದ ಮೇಲೆ ಬಾ.

ಮೊದಲು ಕೂಗಿದವನು ನಾನು. ಪಾಲಾಕ್ಷ ಬೇರೆ ರೀತಿ ಬರೆದಿದ್ದರೆ ನಂಬಬೇಡ.

ನಿನ್ನ
ಗುರುಶಾಂತ